ಅಕ್ಕನ ಮೆಟ್ಟಿಲಿನ ಅಳತೆ

ಬುಧವಾರ, ಮಧ್ಯಾಹ್ನ
ವಿಭಾಗದ ಕೋಣೆಯಿಂದ

ಫೋನು ಎತ್ತದ ಅಕ್ಕನಿಗೆ ತಮ್ಮನ ನಮಸ್ಕಾರ.

ಆರು ಸಲ ಮಾಡಿದೆ. ಏಳನೆಯದಕ್ಕೆ ಭಾವ ಎತ್ತಿ, ಅವಳು ಹೊಲೀತಿದ್ದಾಳೆ ಎಂದರು. ಹಿಂದೆ ಮಿಷನ್ನಿನ ಸದ್ದಿರಲಿಲ್ಲ. ಇಂಥದ್ದನ್ನು ಗಮನಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರಲ್ಲ. ಆಮೇಲೆ ಭಾವನೇ ತಡೆಯಲಾರದೆ ಹೇಳಿದರು, ಶನಿವಾರ ಅಂಗಡಿ ಖಾಲಿ ಮಾಡ್ತಿದ್ದಾಳೆ ಎಂದು. ಹಾಗಾಗಿ ಈ ಕಾಗದ.

ಎಂ.ಎ. ಓದುವವರಿಗೆ ಊರು ನೋಡುವುದನ್ನು ಕಲಿಸುತ್ತೇನೆ ಎಂದಾಗ ನೀನು ನಕ್ಕಿದ್ದೆ. ಕಣ್ಣಿದ್ದೋರಿಗೆ ನೋಡೋದು ಕಲಿಸೋಕೆ ಒಬ್ಬ ಮೇಷ್ಟ್ರು ಬೇರೆ ಬೇಕೇನೋ ಎಂದಿದ್ದೆ. ಬೇಕು ಅಕ್ಕ. ಮೊದಲ ವಾರ ಎಲ್ಲರೂ 'ಬೀದಿ ಗಿಜಿಗುಡುತ್ತಿತ್ತು' ಎಂದು ಬರೆದು ತರುತ್ತಾರೆ. ಎಷ್ಟು ಜನ, ಎಲ್ಲಿ ನಿಂತರು, ಯಾವ ಕಟ್ಟೆಯ ಅಂಚು ಕೂತು ಕೂತು ನುಣುಪಾಗಿದೆ ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಅದಕ್ಕೇ ಪ್ರತಿ ವರ್ಷ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಕಂಡದ್ದನ್ನು ಬರೆ, ಕಲ್ಪಿಸಿದ್ದನ್ನು ಮರೆ. ಪ್ರಾಸದ ಚಟ ನಿನ್ನಿಂದಲೇ ಅಂಟಿದ್ದು.

ಈ ವರ್ಷ ನಿನ್ನ ಬೀದಿಯನ್ನು ಆರಿಸಿದವನು ನಾನೇ. ನಿನ್ನ ಹೊಲಿಗೆ ಅಂಗಡಿಯ ಕಲ್ಲುಮೆಟ್ಟಿಲ ಮೇಲೆ ಗಂಟೆಗೆ ಒಂಬತ್ತು ಜನ ಕೂರುತ್ತಾರೆ. ಬೀದಿಯಲ್ಲೆಲ್ಲ ಅತ್ಯಂತ ಜೀವಂತ ಜಾಗ ಅದು ಎಂದು ನನ್ನ ತರಗತಿಯ ಕನ್ನಡಕದ ಹುಡುಗಿ ಬರೆದಳು. ನೂರಕ್ಕೆ ತೊಂಬತ್ತು ಕೊಟ್ಟೆ. ಅಳೆಯುವ ದಿನ ನಮ್ಮ ಟೇಪು ಇನ್ನೊಂದು ಗುಂಪಿನ ಬಳಿ ಇತ್ತು. ನೀನು ಡ್ರಾಯರ್ ತಡಕಿ ಯಾವುದೋ ಹಳೇ ಟೇಪನ್ನು ಎಸೆದೆ. ಅಳಕೊಳ್ರಪ್ಪ, ಕಲ್ಲಿಗೂ ಒಂದು ಅಂಗಿ ಹೊಲಿದುಬಿಡ್ತೀನಿ ಎಂದೆ. ಎಲ್ಲರೂ ನಕ್ಕೆವು. ಟೇಪಿನ ಮೊದಲ ತುದಿಯನ್ನು ಹೆಬ್ಬೆರಳಲ್ಲಿ ಗೋಡೆಗೆ ಒತ್ತಿ ಹಿಡಿದವನು ನಾನು. ಹುಡುಗಿ ಅಂಕಿ ಓದಿದಳು: ಮೂವತ್ತೆರಡು ಇಂಚು.

ವರದಿಯನ್ನು ನಗರಸಭೆಗೆ ಕೊಟ್ಟದ್ದು ಮೆಟ್ಟಿಲು ಉಳಿಯಲಿ ಎಂದೇ. ಇದೊಂದನ್ನು ನಂಬು. ಅವರು ಜೀವಂತ ಜಾಗದ ಪುಟವನ್ನು ಮಗುಚಿ ಅಳತೆಯ ಪುಟವನ್ನು ಓದಿದರು. ರಸ್ತೆಗೆ ಚಾಚಿದ್ದು ಮೂವತ್ತು ಇಂಚಿನವರೆಗೆ ಮಾಫಿ, ಮೀರಿದರೆ ಒಡೆಯುವುದು.

ನಗರಸಭೆಯಲ್ಲಿ ನಡೆಯಲಿದ್ದ ವಿಚಾರಣೆಯ ಹಿಂದಿನ ದಿನ ನಮ್ಮ ಮನೆಗೆ ಬಂದು ನೀನು ಕೇಳಿದ್ದು ಒಂದೇ ಮಾತು: ಅಳತೆ ತಪ್ಪಾಗಿದೆ ಅಂತ ಹೇಳಿಬಿಡೋ, ಇಪ್ಪತ್ತೈದು ವರ್ಷದಿಂದ ಕಣ್ಣಳತೇಲೇ ಬಟ್ಟೆ ಕತ್ತರಿಸೋಳು ನಾನು, ಆ ಕಲ್ಲು ಮೂವತ್ತರ ಮೇಲೆ ಒಂದು ನೂಲೂ ಇಲ್ಲ. ಸುಳ್ಳು ಹೇಳಲಾರೆ, ವಿದ್ಯಾರ್ಥಿಗಳಿಗೆ ಯಾವ ಮುಖ ತೋರಿಸಲಿ ಎಂದೆ ನಾನು. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನ್ನ ಹೆಂಡತಿಯೂ ತಲೆದೂಗಿದಳು. ನನ್ನ ಮಾತಿಗೆ ಅವಳು ತಲೆದೂಗಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮರುದಿನ ವಿಚಾರಣೆಯಲ್ಲಿ ನೀನು, ಇನ್ನೊಂದು ಸಲ ಅಳೆದು ನೋಡಿ ಸ್ವಾಮಿ ಎಂದೆ. ಇಂಜಿನಿಯರು, ಬಹುಮಾನ ಬಂದಿರೋ ವರದಿ ಕಣಮ್ಮ, ನಿಮ್ಮ ತಮ್ಮನದೇ ಸಹಿ ಇದೆ ಎಂದು ನನ್ನತ್ತ ತಿರುಗಿದರು. ಸರಿಯಾಗಿದೆ ಎಂದೆ. ಸಂಜೆಯೊಳಗೆ ಕಲ್ಲು ಜಲ್ಲಿಯಾಯಿತು. ಒಡೆದ ಕಡೆ ಮತ್ತೆ ಕಟ್ಟುವಂತಿಲ್ಲವಂತೆ. ತಿಂಗಳಿಂದ ನಿನ್ನ ಬಾಗಿಲು ನೆಲದಿಂದ ಎರಡಡಿ ಮೇಲೆ ತೂಗಾಡುತ್ತಿದೆ. ಮಂಡಿ ನೋಯುವ ಗಿರಾಕಿಗಳು ಒಂದು ಗಳಿಗೆ ನೋಡಿ, ಮುಂದಿನ ಅಂಗಡಿಗೆ ಹೋಗುತ್ತಾರೆ. ಅಳೆಯಲು ಬಂದ, ಅಂಗಡಿ ತಿಂದ ಎಂದೆಯಂತೆ ಭಾವನ ಹತ್ತಿರ. ಪ್ರಾಸದಲ್ಲೂ ನೀನೇ ಗೆದ್ದೆ.

ಅಂದಹಾಗೆ, ಈ ಕೋಣೆ ಹೊಸದು. ಮುಖ್ಯಸ್ಥರದು. ಆ ವರದಿ ಕೊಡಿಸಿದ್ದು. ಕಿಟಕಿ ದೊಡ್ಡದಿದೆ, ನೋಡಲು ಏನೂ ಇಲ್ಲ.

ಇಂತಿ,
ಸುಳ್ಳು ಹೇಳಲಾರದ ನಿನ್ನ ತಮ್ಮ

ಬರೆಯಲು ಮರೆತದ್ದು: ಮರೆತದ್ದಲ್ಲ. ಆ ಟೇಪು ಅವತ್ತಿನಿಂದ ನನ್ನ ಚೀಲದಲ್ಲೇ ಉಳಿದಿತ್ತು, ಇದರೊಂದಿಗೆ ಇಟ್ಟಿದ್ದೇನೆ. ನನ್ನ ಹೆಬ್ಬೆರಳಿದ್ದ ತುದಿಯನ್ನು ನೋಡು. ಹರಿದುಹೋಗಿದೆ, ಅಂಕಿಗಳು ಶುರುವಾಗುವುದೇ ಎರಡರಿಂದ. ಅದರಲ್ಲಿ ಮೂವತ್ತೆರಡು ಎಂದರೆ ಮೂವತ್ತು. ವಿಚಾರಣೆಯ ಬೆಳಿಗ್ಗೆ, ನಿಮ್ಮೆಲ್ಲರಿಗಿಂತ ಮೊದಲೇ ಹೋಗಿ ಕೂತು, ಪೆನ್ನಿಗಾಗಿ ಚೀಲ ತಡಕುವಾಗ ಕಂಡೆ. ಕಂಡದ್ದನ್ನು ಇವತ್ತು ಬರೆದಿದ್ದೇನೆ.