ನಾಳೆ ಡಾಕ್ಟರಮ್ಮನಿಗೆ ನಿಜ ಹೇಳಿಬಿಡಿ, ಅಜ್ಜಾ

ಬೆಳಗಾವಿ, ಫೆಬ್ರುವರಿ 30, 2141

ಹವಾಲ್ದಾರ್ ಶಿವಲಿಂಗಪ್ಪ ಅಜ್ಜನವರಿಗೆ ನಿಮ್ಮ ಮೊಮ್ಮಗನ ಮೊಮ್ಮಗಳು ಸಂಗವ್ವ ಮಾಡುವ ನಮಸ್ಕಾರ. ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಿ, ಬಡಪಾಯಿ ಫೆಬ್ರುವರಿಗೂ ಎರಡು ದಿನ ಕೊಟ್ಟಿದ್ದಾರೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಾನೂ ನಿಮ್ಮ ಹಾಗೆ ಫಿರಂಗಿ ದಳದಲ್ಲಿದ್ದು ನಿವೃತ್ತಳಾದವಳು. ನಿಮ್ಮ ಹಾಗೆಯೇ ಕಿವಿಯೊಳಗೆ ಜೀರುಂಡೆಯ ಸದ್ದು ಹೊತ್ತುಕೊಂಡು ಮನೆಗೆ ಬಂದೆ. ಅದಕ್ಕಾಗಿ ದಿನವೂ ಉಸಿರುಮನೆಗೆ ಹೋಗುತ್ತೇನೆ. ನಿಮ್ಮ ಕಾಲದ ಆಸ್ಪತ್ರೆಯಲ್ಲಿ ನಿಮ್ಮನ್ನು ಕೂರಿಸುವ ಉಕ್ಕಿನ ಕೋಣೆಯೇ ಅದು. ಬಾಗಿಲು ಮುಚ್ಚಿ, ಗಾಳಿಯ ಒತ್ತಡ ಏರಿಸಿ, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಈಗ ಗೋಡೆ ಗಾಜಿನದು, ಹೊರಗಿನ ಬೇವಿನ ಮರ ಕಾಣುತ್ತದೆ. ಉಳಿದದ್ದು ಹಾಗೇ ಇದೆ. ಒತ್ತಡ ಏರುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಎಲ್ಲರೂ ಉಗುಳು ನುಂಗುತ್ತಾ ಕೂರುತ್ತೇವೆ. ಬೆಂಕಿಯ ಭಯಕ್ಕೆ ತಲೆಗೆ ಎಣ್ಣೆ ಹಚ್ಚಿ ಬರುವಂತಿಲ್ಲ. ಕೂದಲು ಕೆದರಿಕೊಂಡ ಮಾಜಿ ಸೈನಿಕರು ಸಿಟ್ಟಿನಲ್ಲೇ ಒಳಗೆ ಬರುತ್ತಾರೆ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಈ ಕಾಗದ ನಿಮ್ಮ ಕೈಸೇರಿದ ಮರುದಿನ, ಅಂದರೆ ನಿಮ್ಮ ನಾಳೆ, ಆ ಕೋಣೆಯಲ್ಲಿ ನಿಮ್ಮ ಕೊನೆಯ ಸರದಿ. ಕಿವಿಯ ಸದ್ದು ಹೋಯಿತೇ ಎಂದು ಡಾಕ್ಟರಮ್ಮ ಆಸೆಯಿಂದ ಕೇಳುತ್ತಾರೆ. ಅವರ ಮುಖ ನೋಡಿ ನೀವು, "ಪೂರ್ತಿ ಹೋತ್ರೀ ಮೇಡಂ" ಎನ್ನುತ್ತೀರಿ. ಜೊತೆಯವರೂ ಅದನ್ನೇ ಹೇಳುತ್ತಾರೆ. ಮೇಲಿನವರು ಕೇಳಿದರೆ ಎಲ್ಲ ಚೆನ್ನಾಗಿದೆ ಎನ್ನುವುದು ನಮಗೆ ಫೌಜಿನಿಂದ ಅಂಟಿದ ಚಾಳಿ. ಹೀಗಾಗಿ ಈ ಚಿಕಿತ್ಸೆ ಯಾರಿಗೆ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂಬುದು ಕೊನೆಗೂ ತಿಳಿಯಲಿಲ್ಲ. ಅದಕ್ಕೇ ಇಷ್ಟು ವರ್ಷದ ಮೇಲೂ ನಿಮಗೆ ಕೊಟ್ಟಷ್ಟೇ ಒತ್ತಡವನ್ನು ನನಗೂ ಕೊಟ್ಟರು.

ಇವತ್ತು ನನ್ನ ಸರದಿಗಳು ಮುಗಿದವು. ಡಾಕ್ಟರು ಕೇಳಿದರು. "ಕಡಿಮಿ ಆಗಿಲ್ರೀ" ಎಂದೆ. ಅವರ ಮುಖ ಸಪ್ಪಗಾಯಿತು. ನನಗೂ ಪಾಪ ಅನ್ನಿಸಿತು, ಆದರೂ ಮಾತು ಬದಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ನಾಯಕ್ ದುಂಡಪ್ಪ, "ನಂದೂ ಹಂಗ ಐತ್ರೀ" ಎಂದರು. ಮೊನ್ನೆಯಷ್ಟೇ ಫೌಜಿನಿಂದ ಬಂದ ಹುಡುಗಿಯೊಬ್ಬಳು, "ನನಗ ಖರೇನ ಕಡಿಮಿ ಆಗೇತ್ರೀ" ಎಂದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ಅವಳಿಗೆ ಸದ್ದು ಯಾವಾಗ ಶುರುವಾಯಿತು, ನಮಗೆ ಯಾವಾಗ ಎಂದು ಮೊದಲಿನಿಂದ ಕೇಳತೊಡಗಿದರು. ನಾಳೆಯಿಂದ ಮತ್ತೆ ಹೋಗುತ್ತೇವೆ. ತಿಳಿಯುವವರೆಗೂ ಬಿಡುವುದಿಲ್ಲ.

ನೀವೂ ನಾಳೆ ನಿಜ ಹೇಳಿಬಿಡಿ, ಅಜ್ಜಾ. ಆಮೇಲೆ ಮನೆಗೆ ಹೋಗಿ ಪಾರ್ವತೆವ್ವ ಅಜ್ಜಿಗೂ ಹೇಳಿ. ಕಿವಿಯ ಸದ್ದು ಮುಚ್ಚಲು ನೀವು ವರ್ಷವಿಡೀ ಫ್ಯಾನ್ ಹಾಕಿಕೊಂಡು ಮಲಗುತ್ತೀರಿ, ಕೇಳಿದರೆ ಸೆಕೆ ಎನ್ನುತ್ತೀರಿ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗನ ಮುಂದೆ ಬಾಯಿ ಬಿಡುತ್ತೀರಿ. ಹಾಗಾಗಿ ನಮಗೆಲ್ಲ ಗೊತ್ತು, ಅವಳೊಬ್ಬಳಿಗೆ ಮಾತ್ರ ಗೊತ್ತಾಗಲಿಲ್ಲ. ಬೆಳಗಾವಿಯ ಚಳಿಯಲ್ಲಿ ಅವಳು ಕೌದಿಯ ಮೇಲೆ ಕೌದಿ ಹೊದ್ದು ನಿಮ್ಮ ಪಕ್ಕದಲ್ಲಿ ನಡುಗುತ್ತಾ ಮಲಗಿರುತ್ತಾಳೆ. ಹೇಳಿ ನೋಡಿ. ನಾಳೆ ರಾತ್ರಿ ಫ್ಯಾನನ್ನು ಅವಳೇ ಹಾಕುತ್ತಾಳೆ.