ಆ ಮೂಲೆಗೆ ಆಫ್ರೀನ ಏಕೆ ಹೋಗಲಿಲ್ಲ

ರಾಷ್ಟ್ರೀಯ ರೋಲರ್ ಫಿಗರ್ ಸ್ಕೇಟಿಂಗ್ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

‘ಸಣ್ಣ ಊರಿನ ಮಕ್ಕಳಿಗೆ ದೊಡ್ಡ ನೆಲದ ಭಯ ಇರುತ್ತದೆ’ ಎಂದು ತಾವು ಸಂದರ್ಶನದಲ್ಲಿ ನಗುತ್ತ ಹೇಳಿದಿರಿ. ಹೇಳಿದ್ದು ನಮ್ಮ ಇಳಕಲ್ಲಿನ ಆಫ್ರೀನಳ ಬಗ್ಗೆ. ಆಯ್ಕೆ ಪರೀಕ್ಷೆಯಲ್ಲಿ ಒಂದು ಜಿಗಿತದಲ್ಲೂ ಬೀಳದ ಹುಡುಗಿಯನ್ನು ತಂಡದ ಹೊರಗಿಟ್ಟದ್ದಕ್ಕೆ ತಾವು ಎರಡು ಕಾರಣ ಕೊಟ್ಟಿರಿ. ರಿಂಕಿನ, ಅಂದರೆ ಆಟದ ನೆಲದ, ಒಂದು ಮೂಲೆಗೆ ಅವಳು ಹೋಗಲೇ ಇಲ್ಲ. ಎರಡನೆಯದು, ತೀರ್ಪುಗಾರರಿಗೆ ಬೆನ್ನು ಮಾಡಿಕೊಂಡೇ ಆಡಿದಳು. ಎರಡೂ ನಿಜ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಅದು ಭಯವೆಂದು ತಮಗೆ ಹೇಳಿದವರು ಯಾರು? ಆ ಮೂಲೆಯಲ್ಲಿ ನನ್ನ ಹೆಂಡತಿ ಕೂತಿದ್ದಳು. ನನ್ನ ಹೆಂಡತಿ ಸುರೇಖಾ ತೀರಿಕೊಂಡು ಎರಡು ಮಳೆಗಾಲ ಕಳೆದಿವೆ.

ಇಷ್ಟು ಓದಿ ತಾವು ಈ ಪತ್ರವನ್ನು ಮಡಚಿ ಪಕ್ಕಕ್ಕಿಡಬಹುದು ಎಂಬ ಅಂದಾಜಿನ ಮೇಲೆಯೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಾವು ಮಡಚಿದರೂ ನಾಲ್ಕು ಜನ ಓದಲಿ. ಹುನಗುಂದದಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದೆ. ಅದರಲ್ಲಿ ಉಳಿದದ್ದು ಅರ್ಧ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಶುರು ಮಾಡಿದರೆ ಮುಂದೆ ಏನು ಬೇಕಾದರೂ ಅನ್ನಬಹುದು ಎಂದು ನಮ್ಮ ಪ್ರೊಫೆಸರರು ಕಲಿಸಿದ್ದು ನೆನಪಿದೆ. ಆದ್ದರಿಂದ, ವಿತ್ ಡ್ಯೂ ರೆಸ್ಪೆಕ್ಟ್, ತಮಗೆ ನೋಡಲು ಬರುವುದಿಲ್ಲ.

ಇಳಕಲ್ಲಿನ ಬಿಸಿಲಲ್ಲಿ ಕೂತ ನಿವೃತ್ತ ಕಾರಕೂನನಿಗೆ ಈ ಆಟ ಏನು ತಿಳಿದೀತು ಎಂದು ಕೇಳುತ್ತೀರಾ? ಕೇಳಿ, ನ್ಯಾಯವಾದ ಪ್ರಶ್ನೆ. ನಮಗೆ ಮಕ್ಕಳಿಲ್ಲ. ಒಂದು ಮಧ್ಯಾಹ್ನ ಸುರೇಖಾ ಜೋಳ ಹಸನು ಮಾಡುತ್ತ ಟಿವಿ ಹಚ್ಚಿದ್ದಳು. ಯಾವುದೋ ದೇಶದಲ್ಲಿ ಹಿಮದ ಮೇಲೆ ಒಬ್ಬ ಹುಡುಗಿ ಬುಗುರಿಯಂತೆ ತಿರುಗುತ್ತಿದ್ದಳು. ‘ಏನ್ರಿ, ಬರ್ರಿ ಇಲ್ಲಿ, ಈಕಿಗೆ ಮ್ಯಾಲಿಂದ ತಂತಿ ಕಟ್ಯಾರೇನ ನೋಡ್ರಿ’ ಎಂದು ಕೂಗಿದಳು. ತಂತಿ ಇರಲಿಲ್ಲ. ಅಂದಿನಿಂದ ನಾವಿಬ್ಬರೂ ಆ ಆಟದ ಹುಚ್ಚರು. ಹೊರಗೆ ಗ್ರಾನೈಟ್ ಹೇರಿದ ಲಾರಿ ಹೋದರೆ ಕಿಟಕಿ ನಡುಗುತ್ತಿತ್ತು, ಒಳಗೆ ನಾವು ಹಿಮ ನೋಡುತ್ತಿದ್ದೆವು. ಜಗಳವೂ ಆಗುತ್ತಿತ್ತು. ನಾನು ಎತ್ತರದ ಪಕ್ಷ, ಅವಳು ಇಳಿತದ ಪಕ್ಷ. ‘ಹಾರೂದು ಏನ್ರಿ, ಗುಬ್ಬೀನೂ ಹಾರತೈತಿ. ಈಕಿ ಹೆಂಗ ಇಳದ್ಲು ನೋಡ್ರಿ, ಹಾಲಿನ ಮ್ಯಾಲ ಕೆನಿ ಕುಂತಂಗ’ ಎನ್ನುತ್ತಿದ್ದಳು. ಫಲಕದಲ್ಲಿ ಅಂಕ ಬರುವ ಮೊದಲೇ ತಾನು ಅಂಕ ಹಾಕುತ್ತಿದ್ದಳು. ಅವಳ ಅಂಕ ಫಲಕದ ಅಂಕಕ್ಕೆ ಎಂದೂ ಹೊಂದಲಿಲ್ಲ, ಏಕೆಂದರೆ ಬಿದ್ದು ಅಳುತ್ತ ಎದ್ದವರಿಗೆಲ್ಲ ಧಾರಾಳವಾಗಿ ಸುರಿಯುತ್ತಿದ್ದಳು. ತಮ್ಮ ಸಮಿತಿಯೂ ಅದೇ ಪದ್ಧತಿ ಹಿಡಿದಿದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮನೆಯ ಎದುರಿಗೆ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ. ಅಲ್ಲಿ ಮಶಿನ್ ನಡೆಸುವ ರಾಜಮಹ್ಮದನ ಮಗಳು ಆಫ್ರೀನ. ಸೋದರಮಾವ ತಂದುಕೊಟ್ಟ ಗಾಲಿ ಬೂಟು ಕಟ್ಟಿಕೊಂಡು, ಕೆಲಸ ನಿಂತ ಮೇಲೆ ಖಾಲಿ ಶೆಡ್ಡಿನಲ್ಲಿ ಸುತ್ತುತ್ತಿದ್ದಳು. ಒಂದು ಸಂಜೆ ಸುರೇಖಾಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋಗಿ, ‘ಏ ಹುಡುಗಿ, ಕೈ ಯಾಕ ಸತ್ತ ಕೋಳಿ ಹಾಂಗ ಜೋತು ಬಿಟ್ಟೀದಿ? ಎತ್ತು!’ ಎಂದಳು. ಅಲ್ಲಿಂದ ಶುರು. ನಮ್ಮ ಫೋನಿನಲ್ಲಿ ವಿಡಿಯೋ ತೋರಿಸುವುದು, ಅವಳು ಗಾಲಿಯ ಮೇಲೆ ಅದನ್ನು ಮಾಡುವುದು. ಮುಂದೆ ಬಾಗಲಕೋಟೆ ನವನಗರದ ಕೋಚ್ ಒಬ್ಬರು ಸಿಕ್ಕರು, ಗಾಲಿಯ ಮೇಲೂ ಇದೇ ಆಟದ ಸ್ಪರ್ಧೆಗಳಿವೆ ಎಂದು ಹೇಳಿ ನಿಯಮ ಕಲಿಸಿದರು. ಹುಡುಗಿ ರಾಜ್ಯಮಟ್ಟದಲ್ಲಿ ಗೆದ್ದು ಬಂದಾಗ ಕಾರ್ಖಾನೆಯ ಹುಡುಗರೆಲ್ಲ ಸೇರಿ ಅವಳಿಗೆ ತಿಳಿಸದೆ ಒಂದು ಉಡುಗೊರೆ ಕೊಟ್ಟರು. ಶೆಡ್ಡಿನ ಕಲ್ಲು ನೆಲವನ್ನು ಶ್ರೀಮಂತರ ಮನೆಯ ಪಡಸಾಲೆಗೆ ಮಾಡುವಂತೆ ಕನ್ನಡಿ ಪಾಲಿಶ್ ಮಾಡಿಟ್ಟರು. ಇಳಕಲ್ಲಿನವರು ಮಾತ್ರ ಮಾಡಬಹುದಾದ ತಪ್ಪು. ಆಫ್ರೀನ ಕಾಲಿಟ್ಟವಳೇ ಮೀನಿನಂತೆ ಜಾರಿ ಗೋಡೆಗೆ ಹೋಗಿ ನಿಂತಳು. ‘ಮಾರಿ ನೋಡಕೊಳ್ಳಾಕ ಮಾಡಿರೇನಪಾ ಇದನ್ನ?’ ಎಂದು ಸುರೇಖಾ ಹೊಟ್ಟೆ ಹಿಡಿದು ನಕ್ಕಳು. ರಾಜಮಹ್ಮದ ಮುಖ ಸಣ್ಣ ಮಾಡಿಕೊಂಡು ಮತ್ತೆ ಆ ನೆಲವನ್ನು ಉಜ್ಜಿ ಮಂಕು ಮಾಡಿದ.

ಸುರೇಖಾ ಕೂರುತ್ತಿದ್ದದ್ದು ಬಾಗಿಲಿನ ಎಡಗಡೆಯ ಮೂಲೆಯಲ್ಲಿ, ಒಂದು ಕುರ್ಚಿ ಹಾಕಿಕೊಂಡು. ಈಗ ದಯವಿಟ್ಟು ಲಕ್ಷ್ಯಗೊಟ್ಟು ಓದಿ. ಈ ಆಟದ ಎಲ್ಲ ಜಿಗಿತಗಳೂ ಹಿಮ್ಮುಖವಾಗಿ ಇಳಿಯುತ್ತವೆ, ತಮಗೆ ಗೊತ್ತಿರಬೇಕು. ಯಾವ ದಿಕ್ಕಿಗೆ ಜಾರುತ್ತ ಇಳಿಯುತ್ತೀರೋ ಆ ದಿಕ್ಕಿಗೆ ಬೆನ್ನು. ಒಮ್ಮೆ ಆಫ್ರೀನ ಹಾಗೆ ಸುರೇಖಾಳ ಕಡೆಗೆ ಬೆನ್ನು ಮಾಡಿ ಇಳಿದದ್ದನ್ನು ಅವಳ ಅಜ್ಜಿ ಹಜರತಬಿ ನೋಡಿದಳು.

‘ಹಿರ್ಯಾರು ಕುಂತಾರ, ಅವರಿಗೆ ಬೆನ್ನು ತೋರಸ್ತಿ! ಇದೇನ ಕಲ್ತಿ ನೀ?’

‘ಬಿಡಬೇ ಹಜರತಬಿ, ಆ ಆಟಾನ ಹಂಗೈತಿ’ ಎಂದು ಸುರೇಖಾ ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ನಮ್ಮ ಕಡೆ ಹಿರಿಯರ ಎದುರಿನಿಂದ ಎದ್ದು ಹೋಗುವಾಗಲೂ ಎರಡು ಹೆಜ್ಜೆ ಹಿಂದಕ್ಕೆ ನಡೆದು ಆಮೇಲೆ ತಿರುಗುತ್ತೇವೆ. ಮರುದಿನದಿಂದ ಹುಡುಗಿಯ ಜಿಗಿತಗಳೆಲ್ಲ ದಿಕ್ಕು ಬದಲಿಸಿದವು. ಪ್ರತಿ ಇಳಿತವೂ ಆ ಕುರ್ಚಿಯಿಂದ ದೂರಕ್ಕೆ, ಮುಖ ಕುರ್ಚಿಯ ಕಡೆಗೆ. ಸುರೇಖಾಗೆ ಬಾಗಲಕೋಟೆಯಲ್ಲಿ ಡಯಾಲಿಸಿಸ್ ಶುರುವಾದ ಮೇಲೆ ಹತ್ತಿರ ಬಂದರೆ ಗಾಳಿಗೆ ಅವಳಿಗೆ ಚಳಿಯಾಗುತ್ತದೆಂದು ಆಫ್ರೀನ ಇನ್ನಷ್ಟು ದೂರ ಸರಿದಳು. ದವಾಖಾನೆಯಿಂದ ಬಂದ ದಿನವೂ ನನ್ನ ಹೆಂಡತಿ ಶಾಲು ಹೊದ್ದುಕೊಂಡು ಅಲ್ಲಿ ಕೂತು, ಒಳ್ಳೆಯ ಇಳಿತ ಕಂಡರೆ ‘ಹಾಂ, ಇದು ಖರೆ’ ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಕುರ್ಚಿಯನ್ನು ನಾನೇ ಮನೆಗೆ ತಂದೆ. ಒಂದು ಸಂಜೆ ಶೆಡ್ಡಿಗೆ ಹೋದೆ, ಆಫ್ರೀನ ಒಬ್ಬಳೇ ಸುತ್ತುತ್ತಿದ್ದಳು. ಅಲ್ಲಿ ಎಷ್ಟು ಗುಡಿಸಿದರೂ ಕಲ್ಲಿನ ಬಿಳಿ ಪುಡಿ ಬಂದು ಕೂರುತ್ತದೆ, ಅದರಲ್ಲಿ ಗಾಲಿಯ ಗೆರೆಗಳು ಮೂಡಿರುತ್ತವೆ. ಇಡೀ ನೆಲದ ತುಂಬ ಗೆರೆ, ಬಾಗಿಲಿನ ಎಡಗಡೆಗೆ ಬಂದಾಗ ಮಾತ್ರ ಎಲ್ಲವೂ ಬಾಗಿ ಹಿಂದಿರುಗಿದ್ದವು. ನಡುವೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗದಲ್ಲಿ ಪುಡಿ ಹಾಗೆಯೇ ಬಿದ್ದಿತ್ತು, ಒಂದು ಗೀರಿಲ್ಲದೆ. ನಾನು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತೆ. ಆಫ್ರೀನ ಜಿಗಿದು ಇಳಿದಳು. ‘ಹಾಂ, ಇದು ಖರೆ’ ಎಂದು ಕೇಳಿಸಿತು. ಹೌದು ಸ್ವಾಮಿ, ಕೇಳಿಸಿತು. ನನಗೆ ಕಿವಿ ಮಂದ, ಮನಸ್ಸು ಮಂದವಲ್ಲ. ಅಂದಿನಿಂದ ಮನೆಯಲ್ಲಿ ಟಿವಿ ಹಚ್ಚಿದರೂ ಆ ದನಿ ಕೇಳಿಸುತ್ತಿತ್ತು, ಶೆಡ್ಡಿಗೂ ದಿನಾ ಹೋಗತೊಡಗಿದೆ. ಆಫ್ರೀನಳ ಆಟ ನೋಡಲು ಹೋಗುತ್ತಿದ್ದೆ ಎಂದು ಊರವರು ಅಂದುಕೊಂಡಿದ್ದರು.

ಇನ್ನು ತಮ್ಮ ಆಯ್ಕೆ ಪರೀಕ್ಷೆಗೆ ಬರುತ್ತೇನೆ. ಏಷ್ಯಾ ಮಟ್ಟದ ಸ್ಪರ್ಧೆಗೆ ತಂಡ ಆರಿಸುವುದು, ಹೊರರಾಜ್ಯದ ದೊಡ್ಡ ಒಳಾಂಗಣ. ರಾಜಮಹ್ಮದನೂ ನಾನೂ ರೈಲಿನಲ್ಲಿ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತೆವು. ಆಫ್ರೀನ ನಡುವೆ ಬಂದು ನಿಂತಳು. ಅವಳ ಎಡಗಡೆಗೆ ದೂರದಲ್ಲಿ, ಶೆಡ್ಡಿನಂತೆಯೇ ಬಾಗಿಲಿನ ಪಕ್ಕಕ್ಕೆ, ಒಂದು ಮೂಲೆ, ಅದರ ಎದುರು ಬದಿಗೆ ತಾವೆಲ್ಲ ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಿರಿ. ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗುವ ಡಬಲ್ ಆಕ್ಸೆಲ್ ಇಳಿದಳು. ಉಳಿದದ್ದೂ ಇಳಿದಳು. ಪ್ರತಿ ಸಲವೂ ಬೆನ್ನು ತಮಗೆ, ಮುಖ ಆ ಖಾಲಿ ಮೂಲೆಗೆ.

‘ಅಣ್ಣಾರ, ಪೋರಿ ಯಾಕ ಅತ್ತಾಗ ಹೋಗವಲ್ಲಳು?’ ಎಂದು ರಾಜಮಹ್ಮದ ನನ್ನ ಮೊಣಕೈ ಹಿಡಿದು ಕೇಳಿದ. ‘ಜಾಗಾ ಅಷ್ಟ ಐತಿ. ಅಲ್ಲಿ ಏನೈತಿ?’

ಅಲ್ಲಿ ಶಾಲು ಹೊದ್ದು ಕೂತಿದ್ದವಳನ್ನು ನಾನೂ ನೋಡುತ್ತಿದ್ದೆ.

ಫಲಿತಾಂಶ ಬಂತು. ಎರಡು ಸಲ ಬಿದ್ದ ಸ್ಪರ್ಧಿಗೆ ತಂಡದಲ್ಲಿ ಸ್ಥಾನ. ನೆಲದ ಪೂರ್ಣ ಬಳಕೆಗಾಗಿ ಅವಳಿಗೆ ಹೆಚ್ಚಿನ ಅಂಕ. ಒಪ್ಪುತ್ತೇನೆ, ಬೀಳುವುದಕ್ಕೂ ಅವಳು ನೆಲವನ್ನು ಚೆನ್ನಾಗಿಯೇ ಬಳಸಿದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಬಿದ್ದು ಎದ್ದದ್ದಕ್ಕೆ ಸುರೇಖಾ ಆಗಿದ್ದರೆ ಅಂಕ ಸುರಿಯುತ್ತಿದ್ದಳು. ಆದರೆ ಸುರೇಖಾ ಮನೆಯ ಟಿವಿಯ ಮುಂದೆ ಕೂತ ಅಭಿಮಾನಿ. ತಾವು ರಾಷ್ಟ್ರದ ಸಮಿತಿ. ಅಭಿಮಾನಿಗೆ ಇರುವ ಸ್ವಾತಂತ್ರ್ಯವನ್ನು ಸಮಿತಿಯೂ ತೆಗೆದುಕೊಂಡರೆ ಸಮಿತಿ ಏಕೆ ಬೇಕು? ಮೂಲೆ ಬಿಟ್ಟದ್ದಕ್ಕೆ ಅಂಕ ಕಳೆಯಿರಿ, ನಿಯಮವಿದೆ. ಬೀಳದೆ ಇಳಿದದ್ದಕ್ಕೆ ಕೊಡುವ ಅಂಕ ಎಲ್ಲಿ ಹೋಯಿತು? ಕೇಳಿದರೆ, ‘ಸಮಿತಿಯ ತೀರ್ಮಾನವೇ ಅಂತಿಮ’. ಸಾವಿನ ಬಗ್ಗೆ ಕೂಡ ಇಷ್ಟು ಖಚಿತವಾಗಿ ಮಾತಾಡುವವರನ್ನು ನಾನು ಕಂಡಿಲ್ಲ.

ಆ ಪರೀಕ್ಷೆಯ ವಿಡಿಯೋ ಜಾಲತಾಣಕ್ಕೆ ಬಂದಾಗ ಅದರ ಕೆಳಗೆ ಅಭಿಮಾನಿಗಳ ಯುದ್ಧ ನಡೆಯಿತು. ಕೆಲವರು ಅನ್ಯಾಯವೆಂದರು, ಕೆಲವರು ಸಮಿತಿಯ ಪರ ನಿಂತರು. ಯಾರೋ ಒಬ್ಬ ‘ಆ ಮೂಲೆಯಲ್ಲಿ ದೆವ್ವ ಕೂತಿದೆಯೇ?’ ಎಂದು ಬರೆದ. ಅದಕ್ಕೆ ನೂರಾರು ನಗುವ ಮುಖಗಳು. ತಮ್ಮೆಲ್ಲರಿಗಿಂತ ನಿಜಕ್ಕೆ ಹತ್ತಿರ ಬಂದವನು ಅವನೇ. ಆಫ್ರೀನ ಅದನ್ನು ಓದಿದಳು, ತಮ್ಮ ಸಂದರ್ಶನವನ್ನೂ ಕೇಳಿದಳು. ಬೂಟುಗಳನ್ನು ಚೀಲದಲ್ಲಿ ಹಾಕಿ ಅಟ್ಟಕ್ಕಿಟ್ಟಳು.

ತಂಡದ ಒಬ್ಬ ಸ್ಪರ್ಧಿಯ ಕಣಕಾಲು ಮುರಿದು ಒಂದು ಸ್ಥಾನ ಖಾಲಿಯಾಗಿದೆ ಎಂಬ ಸುದ್ದಿ ಹೋದ ವಾರ ಬಂತು. ಅಂದು ಸಂಜೆ ಆಫ್ರೀನ ನಮ್ಮ ಮನೆಗೆ ಬಂದಳು, ಹೆಗಲಿಗೆ ಬೂಟಿನ ಚೀಲ.

‘ಕಾಕಾ, ಒಂದ ಮಾತ ಕೇಳ್ತೇನಿ. ಬೈಬ್ಯಾಡ್ರಿ.’

‘ಕೇಳವಾ.’

‘ಆ ಮೂಲಿಗೆ ಹೋಗಿ ಇಳೀಲೇನ್ರಿ? ಸುರೇಖಾ ಕಾಕುಗ ಬೆನ್ನು ಆಗತೈತಿ.’

‘ಆಕಿ ಈಗ ಅಲ್ಲಿ ಇಲ್ಲವಾ’ ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

‘ನನಗ ಗೊತ್ತೈತಿ, ನಿಮಗ ಗೊತ್ತೈತಿ. ಕಾಲಿಗೆ ಗೊತ್ತಿಲ್ರಿ ಕಾಕಾ.’

ಶೆಡ್ಡಿಗೆ ಹೋದೆವು. ಅವಳು ವೇಗ ಹಿಡಿದು ಆ ಕಡೆಗೆ ಬರುತ್ತಿದ್ದಳು, ಕೊನೆಯ ಗಳಿಗೆಗೆ ಮೊಣಕಾಲು ತಾನೇ ತಿರುಗಿ ಅವಳನ್ನು ಬೇರೆ ಕಡೆಗೆ ಒಯ್ಯುತ್ತಿತ್ತು. ಮತ್ತೆ ಮತ್ತೆ ಅದೇ. ಕಡೆಗೆ ನಾನೇ ಹೋಗಿ ಮೂಲೆಯಲ್ಲಿ ನಿಂತೆ.

‘ಬಾ, ನನಗ ಬೆನ್ನು ತೋರಸು. ನನಗೇನೂ ಬ್ಯಾಸರಿಲ್ಲ.’

‘ನಿಮಗ ತೋರಸಾಕ ಏನ ಅಂಜಿಕಿ?’ ಎಂದು ಹುಡುಗಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ‘ನೀವೇನ ಮಾರ್ಕ್ಸ್ ಹಾಕೂ ಮಂದೀನ?’

ಬಂದಳು, ಜಿಗಿದಳು. ಡಿಕ್ಕಿಯಾಗದಿರಲಿ ಎಂದು ನಾನು ಗೋಡೆಗೆ ಸರಿದೆ. ಸರಿದಾಗ ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಸರಿದಿದ್ದೆ, ಅದು ಆಮೇಲೆ ತಿಳಿಯಿತು. ಆಫ್ರೀನ ಬೆನ್ನು ಮಾಡಿ, ಜಡೆ ಹಾರಿಸುತ್ತ ಆ ಜಾಗದೊಳಕ್ಕೇ ಇಳಿದು ಬಂದಳು. ಬಿಳಿ ಪುಡಿ ಎದ್ದಿತು. ಗಾಲಿ ಅದರ ಮೇಲೆ ಉದ್ದಕ್ಕೆ ಗೆರೆ ಎಳೆದುಕೊಂಡು ಹೋಯಿತು. ಅವಳ ಜೀವನದ ಅತ್ಯಂತ ಚೊಕ್ಕ ಇಳಿತ. ನಾನು ಕಿವಿಗೊಟ್ಟು ನಿಂತೆ. ಯಾರೂ ಏನೂ ಅನ್ನಲಿಲ್ಲ. ಆ ಸಂಜೆಯಿಂದ ಮನೆಯಲ್ಲೂ ಏನೂ ಕೇಳಿಸುತ್ತಿಲ್ಲ. ಟಿವಿ ಹಚ್ಚಿದರೆ ಟಿವಿಯದಷ್ಟೇ ಸದ್ದು.

ಮಾನ್ಯರೇ, ಖಾಲಿಯಾದ ಸ್ಥಾನವನ್ನು ಸಮಿತಿಯ ‘ವಿವೇಚನೆ’ಯಿಂದ ತುಂಬಲಾಗುವುದು ಎಂದು ಪ್ರಕಟಿಸಿದ್ದೀರಿ. ವಿವೇಚನೆಯನ್ನು ಒಮ್ಮೆ ನೋಡಿದ್ದೇವೆ, ಸಾಕು. ಬಹಿರಂಗ ಪರೀಕ್ಷೆ ನಡೆಸಿರಿ. ಆಫ್ರೀನಳನ್ನು ಕರೆಯಿರಿ. ಪ್ರತಿ ತೀರ್ಪುಗಾರರ ಅಂಕವನ್ನೂ ಅಲ್ಲೇ ಎಲ್ಲರೆದುರು ಹಾಕಿರಿ. ಸೋತರೆ ಕರೆದುಕೊಂಡು ಬರುತ್ತೇವೆ, ಇನ್ನೊಂದು ಪತ್ರ ಬರೆಯುವುದಿಲ್ಲ. ತಮ್ಮ ರಿಂಕಿನ ನಾಲ್ಕೂ ಮೂಲೆಗಳಿಗೆ ಅವಳು ಬರುತ್ತಾಳೆ. ಅದಕ್ಕೆ ಈ ಮನೆಯಲ್ಲಿ ಏನು ಕೊಡಬೇಕಿತ್ತೋ ಅದನ್ನು ಕೊಟ್ಟಾಗಿದೆ. ಇನ್ನು ಕರೆಯದಿರಲು ತಮ್ಮ ಬಳಿ ಕಾರಣ ಉಳಿದಿಲ್ಲ.

ಇಂತಿ,
ಇಬ್ಬರೇ ಇದ್ದ ತೀರ್ಪುಗಾರರ ಮಂಡಳಿಯಲ್ಲಿ ಉಳಿದಿರುವ ಒಬ್ಬ ಸದಸ್ಯ,
ಸಂಗಮೇಶ
ಇಳಕಲ್