ತಿಮಿಂಗಿಲದ ಹಲ್ಲು, ಇಪ್ಪತ್ತೆರಡು ಪುಟ

ಮಿಂಟೊ, ಸಿಡ್ನಿ
ಆಗಸ್ಟ್ ೧೪, ಭಾನುವಾರ

ಮುದ್ದಿನ ಅಮ್ಮನಿಗೆ, ನಿನ್ನ ಹಠಮಾರಿ ಕೆಲೆರಾಳ ಪ್ರೀತಿ.

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಮೊದಲ ಸಲ ಅಳು ಬಂತು, ಎರಡನೆಯ ಸಲ ಸಿಟ್ಟು ಬಂತು, ಮೂರನೆಯ ಸಲ ಪೆನ್ನು ಹಿಡಿದು ನಿನ್ನ ಒಂದೊಂದು ಆರೋಪದ ಪಕ್ಕದಲ್ಲೂ ಅಂಕಿ ಹಾಕಿದೆ. ಇದು ಇಲ್ಲಿ ಕಲಿತ ಚಾಳಿ, ಬೇಜಾರು ಮಾಡಿಕೊಳ್ಳಬೇಡ. ಮನೆ ಹೋದರೆ ಹೋಗಲಿ, ಗಂಟುಮೂಟೆ ಕಟ್ಟಿಕೊಂಡು ನಮ್ಮ ದ್ವೀಪಕ್ಕೆ, ಊರಿಗೆ ಬಾ, ಹಿರಿಯರು ತಂದ ತಂಬುವಾಕ್ಕೆ, ತಿಮಿಂಗಿಲದ ಹಲ್ಲಿಗೆ, ಅವಮಾನ ಮಾಡಿದವಳು ನನ್ನ ಮಗಳೇ ಅಲ್ಲ ಎಂದು ಬರೆದಿದ್ದೀಯ. ಬಾ ಎಂದೂ ಮಗಳಲ್ಲ ಎಂದೂ ಒಂದೇ ಉಸಿರಿನಲ್ಲಿ ಹೇಳಿದರೆ ನಾನು ಯಾವುದನ್ನು ಪಾಲಿಸಲಿ? ಎರಡನ್ನೂ ಪಾಲಿಸುವುದಿಲ್ಲ. ನಾನು ನಿನ್ನ ಮಗಳೇ, ಈ ಮನೆಯನ್ನೂ ಬಿಡುವುದಿಲ್ಲ.

ವೈಸಾಕೆ ಮಾಮ ಫೋನಿನಲ್ಲಿ ಹೇಳಿದ ಕಥೆಯನ್ನಷ್ಟೇ ನೀನು ಕೇಳಿದ್ದೀಯ. ನನ್ನದನ್ನೂ ಕೇಳು.

ಮಾಮ ನಿನ್ನ ದೊಡ್ಡಪ್ಪನ ಮಗ, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು, ಎಲ್ಲ ನಿಜ. ಅವನ ಮನೆಗೆ ಬಾಡಿಗೆಗೆ ಬಂದ ದಿನ ನಿನ್ನ ಅಳಿಯ ಎಪೆಲಿ ಕಿತ್ತಳೆ ಕೀಳಲು ದೂರದ ತೋಟಕ್ಕೆ ಹೋಗಿದ್ದ. ಹಾಗಾಗಿ ಕರಾರಿನಲ್ಲಿರುವುದು ನನ್ನೊಬ್ಬಳದೇ ಹೆಸರು, ನನ್ನೊಬ್ಬಳದೇ ಸಹಿ. ಇಪ್ಪತ್ತೆರಡು ಪುಟ. ನಮ್ಮವನಲ್ಲವೇ ಎಂದು ಒಂದು ಸಾಲನ್ನೂ ಓದದೆ ಹಾಕಿದೆ. ಆ ತಪ್ಪು ನನ್ನದೇ.

ಮೇ ತಿಂಗಳಲ್ಲಿ ಲಿತಿಯಾಳ ಕೋಣೆಯ ಗೋಡೆ ಒದ್ದೆಯಾಗಿ ಕಪ್ಪಗೆ ಬೂಷ್ಟು ಹಿಡಿಯಿತು. ಮಗುವಿಗೆ ನಿಲ್ಲದ ಕೆಮ್ಮು. ಮಾಮನಿಗೆ ನಾಲ್ಕು ಸಲ ಬಾಯಲ್ಲಿ ಹೇಳಿದೆ. "ಕಿಟಕಿ ತೆಗ್ದಿಡಮ್ಮ, ಎಲ್ಲಾ ಸರಿಹೋಗುತ್ತೆ" ಎಂದ. ಐದನೆಯ ಸಲ ಬರೆದು ಕೊಟ್ಟೆ. ಅವನಿಗೆ ಉರಿದದ್ದೇ ಅದು. ಎರಡು ವಾರಕ್ಕೆ, ನಾನು ವೃದ್ಧಾಶ್ರಮದ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ ಬಂದು, ನಮ್ಮ ಚಾಪೆಯ ಮೇಲೆ ಕೂತು, ಎಪೆಲಿಯ ಮುಂದೆ ತಂಬುವಾ ಇಟ್ಟು, ತಿಂಗಳೊಳಗೆ ಮನೆ ಬಿಟ್ಟುಕೊಡಿ ಎಂದು ಕೇಳಿದ. ತಿಮಿಂಗಿಲದ ಹಲ್ಲು ಮುಂದಿಟ್ಟು ಕೇಳಿದರೆ ಇಲ್ಲ ಎನ್ನಲು ನಮ್ಮ ಯಾವ ಗಂಡಸಿಗೆ ಬಾಯಿ ಬರುತ್ತದೆ? ನಿನ್ನ ಅಳಿಯ ನಮ್ಮ ಪದ್ಧತಿಯಂತೆ ಚಪ್ಪಾಳೆ ತಟ್ಟಿ ಎರಡೂ ಕೈಯಲ್ಲಿ ತೆಗೆದುಕೊಂಡ. ಮುಟ್ಟಿದರೆ ಮುಗಿಯಿತು, ಒಪ್ಪಿದ ಹಾಗೆಯೇ. ನಾನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ತಲೆ ಹಿಡಿದು ಕೂತಿದ್ದ. "ಏನ್ ಮಾಡ್ಲಿ ಕೆಲೆರಾ, ಕೈ ತಾನಾಗೇ ಮುಂದೆ ಹೋಯ್ತು" ಎಂದ. ಬೈಯಲಿಕ್ಕೂ ಮನಸ್ಸು ಬರಲಿಲ್ಲ.

ಬೇರೆ ಮನೆ ನೋಡಬಾರದಿತ್ತೇ ಎಂದು ಕೇಳಿದ್ದೀಯ. ಇಲ್ಲಿ ಒಂದು ಮನೆ ಖಾಲಿಯಾದರೆ ನೋಡಲು ನಲವತ್ತು ಜನ ಸಾಲು ನಿಲ್ಲುತ್ತಾರೆ. ಅದೂ ಬಿಡು. ಕಿವಿ ಕೇಳದ ಮಕ್ಕಳಿಗೆ ತರಗತಿ ಇರುವ ಶಾಲೆ ನಮ್ಮ ಬೀದಿಯ ಕೊನೆಯಲ್ಲೇ ಇದೆ. ನಿನ್ನ ಮೊಮ್ಮಗಳು ಊರಿನಲ್ಲಿ ಎರಡು ವರ್ಷ ಯಾರೊಂದಿಗೂ ಬೆರೆಯದೆ ಗೋಡೆ ನೋಡಿಕೊಂಡು ಕೂತಿದ್ದಳಲ್ಲ, ನೆನಪಿದೆಯೇ? ಈಗ ಕೈಸನ್ನೆಯಲ್ಲಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ನನ್ನ ಅಡುಗೆಗೆ ಹೆಸರಿಡುತ್ತಾಳೆ! ಆ ಜಗಳವನ್ನು ನಾನು ಯಾವ ಹಲ್ಲಿಗೂ ಬಿಟ್ಟುಕೊಡುವುದಿಲ್ಲ ಅಮ್ಮ.

ಇಲ್ಲಿನ ಗ್ರಂಥಾಲಯದಲ್ಲಿ ಶನಿವಾರ ಬಾಡಿಗೆದಾರರಿಗೆ ಕರಾರಿನ ಇಂಗ್ಲಿಷ್ ಹೇಳಿಕೊಡುತ್ತಾರೆ. ಕಲಿಸುವವಳು ದೆಸ್ಪಿನಾ ಎಂಬ ಗ್ರೀಕ್ ಮುದುಕಿ, ನಲವತ್ತು ವರ್ಷ ವಕೀಲರ ಕಚೇರಿಯಲ್ಲಿ ಕರಾರು ಟೈಪು ಮಾಡಿದವಳು. ಸದರಿ ಮನೆ, ಸದರಿ ಮಾಲೀಕ, ಮೇಲ್ಕಂಡ ಅವಧಿ, ಇದಕ್ಕೆ ಹೊರತಾಗಿ, ಅದಕ್ಕೆ ಒಳಪಟ್ಟು... ಒಂದೊಂದು ವಾಕ್ಯ ಹನ್ನೊಂದು ಸಾಲು, ನಡುವೆ ಉಸಿರಾಡಲು ಜಾಗವಿಲ್ಲ. ಮೊದಲ ದಿನ ನನಗೆ ತಲೆ ಗಿರ್ ಎಂದಿತು. "ಹೆದರ್ಬೇಡ್ವೇ ಹುಡುಗಿ, ಮೀನು ತಿಂದ ಹಾಗೆ ತಿನ್ನು. ಮುಳ್ಳು ತೆಗೆದಿಡು, ಉಳಿದಿದ್ದು ನಿಂದೇ" ಎಂದಳು. ಮುಳ್ಳು ತೆಗೆದೆ. ಉಳಿದದ್ದು ಇಷ್ಟು: ಮಾರ್ಚ್ ತನಕ ಮನೆ ನನ್ನ ಸ್ವಾಧೀನ. ನಾನು ಕರಾರು ಮುರಿಯದೆ ನನ್ನನ್ನು ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ ಕಾಗದದಲ್ಲಿ ಬರೆದು, ಸಹಿ ಮಾಡಿ, ನನಗೇ ಕೊಡಬೇಕು.

ಮಾಮನ ಮನೆಗೆ ಹೋಗಿ ಇದನ್ನು ಹೇಳಿದೆ. ನಕ್ಕುಬಿಟ್ಟ. "ನಮ್ಮೋರ ಮಧ್ಯೆ ಕಾಗದ ಎಲ್ಲಿಂದ ಬಂತಮ್ಮ?" ಎಂದ. ನನಗೂ ನಾಲಿಗೆ ಇದೆ. "ಇಪ್ಪತ್ತೆರಡು ಪುಟಕ್ಕೆ ಸಹಿ ಹಾಕಿಸ್ಕೊಂಡ್ಯಲ್ಲ ಮಾಮ, ಅವತ್ತು ನಾವು ನಿಮ್ಮೋರಾಗಿರ್ಲಿಲ್ವಾ?" ಎಂದೆ. ಅತ್ತೆ ಒಳಗಿನಿಂದ ಕೆಮ್ಮಿದಳು. ಮಾಮ ಮುಖ ತಿರುಗಿಸಿದ. ಮರುದಿನವೇ ನಾನು ಬಾಡಿಗೆ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿದೆ. ಹೌದು, ಹಾಕಿದವಳು ನಾನೇ. ಎಪೆಲಿಯ ಮೇಲೆ ಗೂಬೆ ಕೂರಿಸಬೇಡ.

ನಾನು ತಂಬುವಾವನ್ನು ಬಿಳಿಯರ ಮುಂದೆ ನಗೆಪಾಟಲು ಮಾಡಿದೆ ಎಂದಿದ್ದೀಯ. ಇದೊಂದು ಮಾತಿಗೆ ನನಗೆ ನಿಜವಾಗಿ ನೋವಾಯಿತು. ವಿಚಾರಣೆಯಲ್ಲಿ ಮಾಮನೇ, ಹಲ್ಲು ಕೊಟ್ಟಿದ್ದೇನೆ, ಅವಳ ಗಂಡ ತೆಗೆದುಕೊಂಡಿದ್ದಾನೆ ಎಂದ. ತೀರ್ಪು ಕೊಡುವ ಹೆಂಗಸು ಅರ್ಥವಾಗದೆ ನನ್ನ ಕಡೆ ನೋಡಿದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ನಿಂತೆ. ನಗಬೇಡಿ, ಅದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದು, ಅದರಿಂದ ಹೆಣ್ಣು ಕೇಳುತ್ತೇವೆ, ಅದರಿಂದ ಸತ್ತವರನ್ನು ಕಳಿಸುತ್ತೇವೆ, ಕೊಲೆಯನ್ನೂ ಕ್ಷಮಿಸುತ್ತೇವೆ ಎಂದೆ. ಅಷ್ಟು ದೊಡ್ಡದನ್ನು ಒಂದು ಒದ್ದೆ ಗೋಡೆಯನ್ನು ಮುಚ್ಚಿಡಲು ತಂದವನು ಅವನು, ಅವಮಾನ ಮಾಡಿದವನೂ ಅವನೇ ಎಂದೆ. ಕರಾರಿನಲ್ಲಿ ಹೆಸರಿರುವುದು ನನ್ನದು, ಹಲ್ಲನ್ನು ನನ್ನ ಮುಂದೆ ಯಾರೂ ಇಡಲಿಲ್ಲ ಎಂದೂ ಹೇಳಿದೆ.

ಮಾರ್ಚ್ ತನಕ ನಾವು ಇಲ್ಲೇ ಇರಬಹುದು ಎಂದು ತೀರ್ಪಾಯಿತು. ಮೂರು ವಾರದಲ್ಲಿ ಗೋಡೆ ರಿಪೇರಿ ಮಾಡಿಸಬೇಕೆಂದೂ ಹೇಳಿದರು. ಮಾಡಿಸಿದ್ದಾನೆ. ಮಾರ್ಚ್ ಆದಮೇಲೆ ಏನು? ಗೊತ್ತಿಲ್ಲ. ಆಗಲೂ ಬರೆದೇ ಕೇಳುತ್ತೇನೆ.

ಈಗ ಚರ್ಚಿನಲ್ಲಿ ನಮ್ಮ ಬೆಂಚಿನ ಪಕ್ಕ ಯಾರೂ ಕೂರುವುದಿಲ್ಲ. ಕೂರದಿದ್ದರೆ ಬೇಡ, ಲಿತಿಯಾ ಕಾಲು ಚಾಚಿಕೊಂಡು ಆರಾಮಾಗಿ ಕೂರುತ್ತಾಳೆ. ತಂಬುವಾ ವಾಪಸ್ ಕೊಡು ಎಂದು ಮಾಮ ಮೂರು ಸಲ ಹೇಳಿಕಳಿಸಿದ. ಅದನ್ನು ಮಾತ್ರ ಕೊಡಲಿಲ್ಲ.

ಔಷಧಿ ತಪ್ಪಿಸಬೇಡ. ಸಿಟ್ಟು ಎಷ್ಟಾದರೂ ಮಾಡಿಕೋ, ಕಾಗದ ಬರೆಯುವುದನ್ನು ನಿಲ್ಲಿಸಬೇಡ.

ನೀನು ಅಲ್ಲ ಎಂದರೂ ನಿನ್ನ ಮಗಳೇ ಆದ,
ಕೆಲೆರಾ

ಮರೆತಿದ್ದು: ಅದನ್ನು ಯಾಕೆ ಕೊಡಲಿಲ್ಲ ಎಂದು ಹೇಳಿಬಿಡುತ್ತೇನೆ. ಆ ಹಲ್ಲಿನ ಹುರಿಯಲ್ಲಿ, ತೆಂಗಿನ ನಾರು ಸಾಲದೆ ಬಂದ ಕಡೆ, ನೀಲಿ ಬಲೆಯ ದಾರ ಹೆಣೆದಿದೆ. ಹೆಣೆದವನು ಅಪ್ಪ, ಪಕ್ಕದಲ್ಲಿ ಕೂತು ದಾರ ಹಿಡಿದವಳು ನಾನು. ನಿನ್ನ ಪೆಟ್ಟಿಗೆಯಲ್ಲಿದ್ದದ್ದು ಕ್ರಿಸ್ಮಸ್‌ಗೆ ಊರಿಗೆ ಬಂದಿದ್ದ ಮಾಮನ ಕೈಗೆ ಹೇಗೆ ಹೋಯಿತೆಂದು ನಾನು ಟ್ರಿಬ್ಯುನಲ್‌ನಲ್ಲಿ ಹೇಳಲಿಲ್ಲ, ಎಪೆಲಿಗೂ ಹೇಳಿಲ್ಲ. ಮನೆ ಇಲ್ಲದಿದ್ದರೆ ನಾವು ಬಂದುಬಿಡುತ್ತೇವೆ ಎಂದುಕೊಂಡು ನೀನೇ ಕೊಟ್ಟು ಕಳಿಸಿದೆಯಾ ಅಮ್ಮ? ನೋಡಬೇಕು ಅನಿಸುತ್ತಿದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ತಿಮಿಂಗಿಲದ ಹಲ್ಲನ್ನು ಟಪಾಲಿಗೆ ಹಾಕಲು ಇಲ್ಲಿನ ಕಾನೂನು ಬಿಡುವುದಿಲ್ಲ, ನೀನೇ ಬಂದು ತೆಗೆದುಕೋ. ಕರಾರಿನ ಹದಿನಾಲ್ಕನೆಯ ಕಲಮು ಓದಿದ್ದೇನೆ, ನನ್ನ ಅತಿಥಿ ಬಂದು ಉಳಿಯಲು ಮಾಲೀಕನ ಅಪ್ಪಣೆ ಬೇಕಿಲ್ಲ. ಲಿತಿಯಾ "ಅಜ್ಜಿ" ಎಂದು ಕರೆಯಲು ಕಲಿತಿದ್ದಾಳೆ. ಕೈಯಲ್ಲಿ ಕರೆಯುತ್ತಾಳೆ, ಅಷ್ಟು ದೂರಕ್ಕೆ ಕಾಣಿಸುವುದಿಲ್ಲ.